ಬಾರ್ ತಲೆಯ ಮೇಲೆ ನೆಟ್ಟಗೆ ನಿಲ್ಲಬೇಕಾದರೆ: ವೇಟ್‌ಲಿಫ್ಟಿಂಗ್‌ಗಾಗಿ ಹೆಗಲು, ಬೆನ್ನು, ಮಣಿಕಟ್ಟು ಸಡಿಲಿಸುವ ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ ಕ್ಲೀನ್, ಅಂದರೆ ತೂಕದ ಬಾರನ್ನು ನೆಲದಿಂದ ಹೆಗಲಿಗೆ ಎತ್ತುವುದನ್ನು, ಮಾಡಿದ ದಿನ ಬಾರ್ ಹೆಗಲ ಮೇಲೆ ಕೂರಲೇ ಇಲ್ಲ. ಎರಡು ಮಣಿಕಟ್ಟುಗಳ ಮೇಲೆ ನೇತಾಡುತ್ತಾ ಗಂಟಲಿನ ಮುಂದೆ ನಿಂತಿತ್ತು. ತೂಕ ಬರೀ 30 ಕೆಜಿ. "ಮೊಣಕೈ ಮೇಲೆತ್ತಿ ಸಾರ್, ಮೊಣಕೈ!" ಅಂತ ಕೋಚ್ ಕೂಗುತ್ತಿದ್ದರು. ಏಳುವ ಹಾಗಿದ್ದರೆ ಎತ್ತುತ್ತಿರಲಿಲ್ವಾ? ಹತ್ತು ವರ್ಷ ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂತ ಬೆನ್ನು ಅದು. ದಿನಕ್ಕೆ ಒಂದೂವರೆ ಗಂಟೆ ಸ್ಕೂಟರ್ ಹ್ಯಾಂಡಲ್ ಹಿಡಿದ ಕೈ.

ಆಮೇಲೆ ಮೂರು ತಿಂಗಳು ಬಾಗಿಲ ಚೌಕಟ್ಟಿಗೆ ಕೈ ಆನಿಸಿ ಎದೆ, ಹೆಗಲು ಎಳೆದದ್ದೇ ಎಳೆದದ್ದು. ಏನೂ ಬದಲಾಗಲಿಲ್ಲ. ಕೊನೆಗೆ ಗೊತ್ತಾಯಿತು, ನನ್ನ ಹೆಗಲ ಕೀಲಿನಲ್ಲಿ ಅಂಥ ತೊಂದರೆಯೇ ಇರಲಿಲ್ಲ. ಸಿಕ್ಕಿಕೊಂಡಿದ್ದದ್ದು ಬೆನ್ನಿನ ಮೇಲ್ಭಾಗ ಮತ್ತು ತೋಳಿನ ಹಿಂದಿನ ಸ್ನಾಯು. ಸರಿಯಾದ ಜಾಗ ಹಿಡಿದ ಮೇಲೆ ಎಂಟು ವಾರಕ್ಕೆ ಬಾರ್ ಹೆಗಲ ಮೇಲೆ ಬಂದು ಕೂತಿತು.

ಅದಕ್ಕೇ ಈ ಬರಹದಲ್ಲಿ ಮೊದಲು ತಪಾಸಣೆ ಇದೆ. ಅದನ್ನು ಬಿಟ್ಟು ನೇರ ವ್ಯಾಯಾಮಕ್ಕೆ ಹಾರಬೇಡಿ. ಬಿಗಿ ಇಲ್ಲದ ಜಾಗವನ್ನು ಎಳೆಯುವುದು ಸುಮ್ನೆ ಟೈಮ್ ವೇಸ್ಟ್. ಕೆಲವರಿಗೆ ಅಪಾಯ ಕೂಡ.

ಬಾರ್ ನಿಮ್ಮಿಂದ ಏನು ಕೇಳುತ್ತದೆ?

ಒಲಿಂಪಿಕ್ ವೇಟ್‌ಲಿಫ್ಟಿಂಗ್‌ನಲ್ಲಿ ಈಗ ಇರುವುದು ಎರಡೇ ಲಿಫ್ಟ್: ಸ್ನ್ಯಾಚ್, ಮತ್ತು ಕ್ಲೀನ್ ಅಂಡ್ ಜರ್ಕ್. ಸ್ನ್ಯಾಚ್ ಅಂದರೆ ಬಾರನ್ನು ನೆಲದಿಂದ ಒಂದೇ ಏಟಿಗೆ ತಲೆಯ ಮೇಲೆತ್ತುವುದು. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೊದಲು ಹೆಗಲಿಗೆ, ಆಮೇಲೆ ಅಲ್ಲಿಂದ ತಲೆಯ ಮೇಲಕ್ಕೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ವರೆಗೆ ಪ್ರೆಸ್ ಅಂತ ಮೂರನೆಯದೂ ಇತ್ತು, ಬಾರನ್ನು ಹೆಗಲಿನಿಂದ ತೋಳಬಲದಲ್ಲೇ ತಲೆಯ ಮೇಲಕ್ಕೆ ಒತ್ತುವುದು. ಲಿಫ್ಟರ್‌ಗಳು ಬೆನ್ನು ಹಿಂದಕ್ಕೆ ಎಷ್ಟು ಬಗ್ಗಿಸುತ್ತಿದ್ದರು ಅಂದರೆ, ಯಾವುದು ಸರಿ ಯಾವುದು ತಪ್ಪು ಅಂತ ರೆಫ್ರಿಗಳಿಗೆ ಹೇಳುವುದೇ ಕಷ್ಟವಾಯಿತು. ಆ ಲಿಫ್ಟನ್ನೇ ಕೈಬಿಟ್ಟರು. ನಗಬೇಡಿ, ಇವತ್ತು ಜಿಮ್‌ನಲ್ಲಿ ಹೊಸಬರು ಮಾಡುವುದೂ ಅದನ್ನೇ. ತೋಳು ಮೇಲೆ ಹೋಗದಿದ್ದಾಗ ಸೊಂಟ ಹಿಂದಕ್ಕೆ ಬಾಗುತ್ತದೆ. ಹೆಗಲು ಮಾಡಿದ ಸಾಲವನ್ನು ಸೊಂಟ ತೀರಿಸುತ್ತಿರುತ್ತದೆ.

ಈ ಎರಡು ಲಿಫ್ಟ್‌ಗಳಿಗೆ ಮೈಯ ಮೇಲ್ಭಾಗ ಮೂರು ಭಂಗಿಗೆ ಬರಬೇಕು. ಒಂದು, ಸ್ನ್ಯಾಚ್ ಹಿಡಿಯುವಾಗ ಕೈ ಅಗಲಿಸಿ, ಬಾರನ್ನು ತಲೆಯ ಮೇಲೆ ಹೊತ್ತು ಪೂರ್ತಿ ಬಸ್ಕಿಯಲ್ಲಿ ಕೂರುವುದು. ಎರಡು, ಕ್ಲೀನ್‌ನಲ್ಲಿ ಬಾರನ್ನು ಹೆಗಲ ಮುಂಭಾಗದ ಮೇಲೆ ಕೂರಿಸಿಕೊಳ್ಳುವುದು. ಇದಕ್ಕೆ ಫ್ರಂಟ್ ರ‍್ಯಾಕ್ ಅನ್ನುತ್ತಾರೆ. ಮೂರು, ಜರ್ಕ್‌ನಲ್ಲಿ ಕಿರಿದಾದ ಹಿಡಿತದಲ್ಲಿ ಬಾರನ್ನು ತಲೆಯ ಮೇಲೆ ನಿಲ್ಲಿಸುವುದು. ಮೂರನೆಯದು ನೋಡಲು ಸುಲಭ, ಹೆಗಲಿಗೆ ಮಾತ್ರ ಕಷ್ಟ. ಕೈ ಹತ್ತಿರ ಬಂದಷ್ಟೂ ತೋಳು ಜಾಸ್ತಿ ಮೇಲೆ ಹೋಗಬೇಕು. ಚೀನಾದ ಲ್ಯೂ ಶಿಯಾವ್‌ಜುನ್ ಕಾಲು ಮುಂದೆ ಹಿಂದೆ ಹಾಕದೆ, ಆ ಕಿರಿದಾದ ಹಿಡಿತದಲ್ಲೇ ಪೂರ್ತಿ ಬಸ್ಕಿಗೆ ಇಳಿದು ಜರ್ಕ್ ಮಾಡುತ್ತಿದ್ದರು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಹಾಗೇ 204 ಕೆಜಿ ಜರ್ಕ್ ಮಾಡಿ, 81 ಕೆಜಿ ವಿಭಾಗದ ಚಿನ್ನ ಗೆದ್ದಾಗ ಅವರಿಗೆ 37 ವರ್ಷ. ಅದು ನಮ್ಮ ಗುರಿ ಅಲ್ಲ ಬಿಡಿ.

ಇದು ಬರೀ ನೋವು, ಆರಾಮದ ವಿಷಯವೂ ಅಲ್ಲ. ಬಾರ್ ತಲೆ ಮೇಲೆ ಬಂದ ನಂತರ ಬಗ್ಗಿದ ಮೊಣಕೈಯನ್ನು ಒತ್ತಿ ನೆಟ್ಟಗೆ ಮಾಡಿದರೆ ಲಿಫ್ಟ್ ರದ್ದು. ಕ್ಲೀನ್‌ನಲ್ಲಿ ಕೂತಾಗ ಮೊಣಕೈ ಅಥವಾ ತೋಳು ತೊಡೆಗೋ ಮಂಡಿಗೋ ತಾಗಿದರೂ ರದ್ದು. ಎರಡೂ ತಪ್ಪಿನ ಹಿಂದೆ ಎಷ್ಟೋ ಸಲ ಇರುವುದು ಬಿಗಿಯಾದ ಮೈ.

ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದ ವಿಡಿಯೊ ಸಿಕ್ಕರೆ ನಿಧಾನಗತಿಯಲ್ಲಿ ನೋಡಿ. ಬಾರ್ ಎಷ್ಟು ವೇಗವಾಗಿ ಬಂತು ಅಂತ ನೋಡಬೇಡಿ. ಬಂದು ನಿಂತ ಆ ಒಂದು ಕ್ಷಣದಲ್ಲಿ ಮೊಣಕೈ ಎಲ್ಲಿದೆ, ಎದೆ ಎಲ್ಲಿದೆ ಅಂತ ನೋಡಿ.

ಕೂತಲ್ಲೇ ಒಂದು ಪ್ರಯೋಗ

ಈಗಲೇ ಕುರ್ಚಿಯಲ್ಲಿ ಬೆನ್ನು ಗೂನು ಮಾಡಿ ಕೂತುಕೊಳ್ಳಿ. ಎರಡೂ ಕೈ ನೆಟ್ಟಗೆ ಮೇಲೆತ್ತಿ. ಎಲ್ಲಿಗೆ ನಿಂತಿತು ನೋಡಿ. ಈಗ ಬೆನ್ನು ನೆಟ್ಟಗೆ ಮಾಡಿ ಇನ್ನೊಮ್ಮೆ ಎತ್ತಿ. ಎಷ್ಟು ವ್ಯತ್ಯಾಸ ಅಲ್ವಾ?

ತೋಳು ಪಕ್ಕದಿಂದ ತಲೆಯ ಮೇಲಕ್ಕೆ ಸುಮಾರು 180 ಡಿಗ್ರಿ ತಿರುಗುತ್ತದೆ. ಅದರಲ್ಲಿ ಹೆಗಲ ಕೀಲಿನ ಪಾಲು ಸುಮಾರು 120. ಉಳಿದ 60 ಡಿಗ್ರಿ ಬರುವುದು ಬೆನ್ನ ಮೇಲೆ ರೆಕ್ಕೆಯಂತೆ ಇರುವ ಭುಜದ ಹಲಗೆಯಿಂದ. ಈ ಹಲಗೆ ಪಕ್ಕೆಲುಬಿನ ಗೂಡಿನ ಮೇಲೆ ಜಾರುತ್ತಾ ಮೇಲ್ಮುಖವಾಗಿ ತಿರುಗಬೇಕು. ಗೂಡೇ ಗೂನಾಗಿದ್ದರೆ ಹಲಗೆ ಜಾರುವುದಾದರೂ ಹೇಗೆ? ನೀವು ಹೆಗಲನ್ನು ಎಷ್ಟು ಎಳೆದರೂ ಆ ಪಾಲು ಸಿಗುವುದಿಲ್ಲ. ನಾನು ಮೂರು ತಿಂಗಳು ಕಳೆದುಕೊಂಡದ್ದು ಇಲ್ಲೇ.

ಹಂತ 1: ಎಲ್ಲಿ ಸಿಕ್ಕಿಕೊಂಡಿದೆ, ಪತ್ತೆ ಮಾಡಿ

ಬೇಕಾದ ಸಾಮಾನು: ಒಂದು ಗೋಡೆ, ಒಂದು ಕುರ್ಚಿ, ಸ್ನಾನದ ಟವೆಲ್ ಮತ್ತು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಒಂದು ಇಂಚಿನ ಪಿವಿಸಿ ಪೈಪು, ಸುಮಾರು ಆರು ಅಡಿ. ಪೈಪು ಇಲ್ಲದಿದ್ದರೆ ನೆಲ ಒರೆಸುವ ಮಾಪ್‌ನ ಕೋಲೂ ಆಗುತ್ತದೆ. ಐದು ನಿಮಿಷ ಬಿರುಸಾಗಿ ನಡೆದು ಮೈ ಬೆಚ್ಚಗಾದ ಮೇಲೆ ಶುರು ಮಾಡಿ.

ಮೊದಲು ಮೇಲ್ಭಾಗದ್ದೇ ತೊಂದರೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಪೈಪನ್ನು ಸ್ನ್ಯಾಚ್ ಅಗಲಕ್ಕೆ (ಅಗಲದ ಗುರುತು ಹಂತ 6ರಲ್ಲಿದೆ) ಹಿಡಿದು ತಲೆಯ ಮೇಲೆತ್ತಿ ಬಸ್ಕಿ ಹೊಡೆಯಿರಿ. ಪೈಪು ಮುಂದಕ್ಕೆ ಬೀಳುತ್ತದಾ? ಈಗ ಹಿಮ್ಮಡಿಗಳ ಕೆಳಗೆ 2.5 ಕೆಜಿಯ ಎರಡು ಪ್ಲೇಟ್ ಇಟ್ಟು ಮತ್ತೆ ಮಾಡಿ. ಪೈಪು ತಾನಾಗಿ ಹಿಂದೆ ಬಂದು ಸರಿಯಾಗಿ ನಿಂತರೆ, ನಿಮ್ಮ ಹೆಗಲು ಚೆನ್ನಾಗೇ ಇದೆ. ಬಿಗಿ ಇರುವುದು ಪಾದದ ಕೀಲಿನಲ್ಲಿ. ಅದು ಬಾಗದೆ ಎದೆ ಮುಂದೆ ಬಿದ್ದಿತ್ತು, ಎದೆಯ ಜೊತೆ ತೋಳೂ ಬಿತ್ತು. ಅಂಥವರು ಪಾದದ ಕೀಲಿನ ಕಡೆ ಗಮನ ಕೊಡಿ. ಇದನ್ನು ನೋಡದೆ ಹೆಗಲನ್ನು ಬೈದುಕೊಂಡು ಓಡಾಡುವವರನ್ನು ಬಹಳ ಜನ ನೋಡಿದ್ದೇನೆ.

ಪ್ಲೇಟ್ ಇಟ್ಟರೂ ಸರಿಯಾಗಲಿಲ್ಲವಾ? ಹಾಗಾದರೆ ಮುಂದಿನ ಪರೀಕ್ಷೆಗಳು ನಿಮಗೆ.

ಗೋಡೆ ಪರೀಕ್ಷೆ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹಿಮ್ಮಡಿ ಗೋಡೆಯಿಂದ ಒಂದು ಗೇಣು ಮುಂದಿರಲಿ. ಸೊಂಟ, ಕೆಳಪಕ್ಕೆಲುಬು ಗೋಡೆಗೆ ಒತ್ತಿರಲಿ. ಮೊಣಕೈ ಬಗ್ಗಿಸದೆ, ಹೆಬ್ಬೆರಳು ಹಿಂದಕ್ಕೆ ಮಾಡಿ ಎರಡೂ ತೋಳು ಮುಂದಿನಿಂದ ಮೇಲೆತ್ತಿ. ಸೊಂಟ ಗೋಡೆ ಬಿಡದೆ ಹೆಬ್ಬೆರಳು ಗೋಡೆಗೆ ತಾಗಿದರೆ ಪಾಸ್. ತಾಗದಿದ್ದರೆ ಎಷ್ಟು ಬೆರಳು ಅಂತರ ಉಳಿಯಿತು ಅಂತ ಬರೆದಿಡಿ. ನನ್ನದು ಮೊದಲ ದಿನ ಏಳು ಬೆರಳು. ಇನ್ನು ಮುಂದೆ ಇದೇ ನಿಮ್ಮ ಅಳತೆಗೋಲು.

ಲ್ಯಾಟ್ಸ್ ಪರೀಕ್ಷೆ. ಕಂಕುಳಿನಿಂದ ಸೊಂಟದವರೆಗೆ ಹರಡಿರುವ ಬೆನ್ನಿನ ಅಗಲವಾದ ಸ್ನಾಯುವಿಗೆ ಜಿಮ್‌ನಲ್ಲಿ ಲ್ಯಾಟ್ಸ್ ಅನ್ನುತ್ತಾರೆ. ಅಂಗಾತ ಮಲಗಿ, ಕಾಲು ಚಾಚಿ, ತೋಳುಗಳನ್ನು ತಲೆಯ ಹಿಂದಕ್ಕೆ ನೆಲದ ಕಡೆ ಚಾಚಿ. ಆಮೇಲೆ ಎರಡೂ ಮಂಡಿಗಳನ್ನು ಎದೆಯ ಕಡೆ ಮಡಿಸಿ, ಸೊಂಟವನ್ನು ನೆಲಕ್ಕೆ ಒತ್ತಿ ಅದನ್ನೇ ಮಾಡಿ. ಕಾಲು ಚಾಚಿದಾಗ ನೆಲ ಮುಟ್ಟುತ್ತಿದ್ದ ಕೈ ಈಗ ಗಾಳಿಯಲ್ಲೇ ನಿಂತಿತಾ? ಲ್ಯಾಟ್ಸ್ ಬಿಗಿ. ಮಂಡಿ ಮಡಿಸಿದಾಗ ಆ ಸ್ನಾಯುವಿನ ಕೆಳತುದಿ ದೂರ ಸರಿಯುತ್ತದೆ, ಅದಕ್ಕೇ ಬಣ್ಣ ಬಯಲಾಗುತ್ತದೆ.

ತೋಳಿನ ಹಿಂಭಾಗ. ಅದೇ ಗೋಡೆಗೆ ಬೆನ್ನು ಕೊಟ್ಟು, ಈ ಸಲ ಮೊಣಕೈ ಪೂರ್ತಿ ಮಡಿಸಿ, ಬೆರಳು ಆಯಾ ಹೆಗಲಿಗೆ ತಾಗಿಸಿ, ಮೊಣಕೈಯನ್ನು ಮೇಲೆತ್ತಿ. ತೋಳು ನೆಟ್ಟಗಿದ್ದಾಗ ಮೇಲೆ ಹೋಗುತ್ತಿತ್ತು, ಮಡಿಸಿದಾಗ ಮಧ್ಯದಲ್ಲೇ ನಿಂತಿತು ಅಂದರೆ ಟ್ರೈಸೆಪ್ಸ್‌ನ ಉದ್ದ ಎಳೆ ಬಿಗಿಯಾಗಿದೆ. ಆ ಎಳೆ ಹೆಗಲನ್ನೂ ದಾಟುತ್ತದೆ, ಮೊಣಕೈಯನ್ನೂ ದಾಟುತ್ತದೆ. ಫ್ರಂಟ್ ರ‍್ಯಾಕ್ ಬಾರದವರಲ್ಲಿ ಇದನ್ನು ಯಾರೂ ಅನುಮಾನಿಸುವುದೇ ಇಲ್ಲ.

ಹೆಗಲಿನ ತಿರುಗು. ಅಂಗಾತ ಮಲಗಿ ತೋಳನ್ನು ಪಕ್ಕಕ್ಕೆ ಹೆಗಲಿನ ಮಟ್ಟಕ್ಕೆ ಚಾಚಿ, ಮೊಣಕೈಯನ್ನು 90 ಡಿಗ್ರಿ ಮಡಿಸಿ, ಬೆರಳು ಸೂರು ನೋಡಲಿ. ಈಗ ಮುಂಗೈಯನ್ನು ತಲೆಯ ಕಡೆಗೆ ನೆಲಕ್ಕೆ ಇಳಿಸಿ. ಬೆನ್ನು ಎದ್ದೇಳದೆ ಕೈಯ ಹಿಂಭಾಗ ನೆಲ ಮುಟ್ಟಬೇಕು.

ಮಣಿಕಟ್ಟು. ಇದು ಬಲು ಸುಲಭ. ಎದೆಯ ಮುಂದೆ ನಮಸ್ಕಾರ ಮಾಡಿ. ಅಂಗೈ ಬುಡಗಳು ಅಂಟಿಕೊಂಡೇ ಇರಲಿ, ಕೈಗಳನ್ನು ನಿಧಾನಕ್ಕೆ ಕೆಳಗಿಳಿಸಿ. ಬುಡ ಬಿಡದೆ ಎರಡೂ ಮುಂಗೈ ನೆಲಕ್ಕೆ ಸಮಾನಾಂತರವಾಗಿ ಒಂದೇ ಗೆರೆಗೆ ಬಂದರೆ ಚಿಂತೆ ಇಲ್ಲ.

ಎಲ್ಲವನ್ನೂ ಎಡಕ್ಕೂ ಬಲಕ್ಕೂ ಬೇರೆ ಬೇರೆ ನೋಡಿ. ಎರಡು ಪಕ್ಕದ ನಡುವಿನ ವ್ಯತ್ಯಾಸ ಸಣ್ಣ ವಿಷಯ ಅಲ್ಲ. ಹೆಗಲಿನ ತೊಂದರೆ ದೊಡ್ಡ ಲಿಫ್ಟರ್‌ಗಳನ್ನೂ ಬಿಡುವುದಿಲ್ಲ. ಮೀರಾಬಾಯಿ ಚಾನು 2021ರ ಏಪ್ರಿಲ್‌ನಲ್ಲಿ ತಾಷ್ಕೆಂಟ್‌ನಲ್ಲಿ ಕ್ಲೀನ್ ಅಂಡ್ ಜರ್ಕ್ 119 ಕೆಜಿ ಎತ್ತಿ ವಿಶ್ವದಾಖಲೆ ಮಾಡಿದರು. ಅದಕ್ಕೂ ಹಿಂದಿನ ವರ್ಷ ಅವರು ಹೆಗಲು, ಬೆನ್ನಿನ ತೊಂದರೆ ಸರಿಪಡಿಸಿಕೊಳ್ಳಲು ಅಮೆರಿಕಕ್ಕೆ ಹೋಗಿ ಬಂದಿದ್ದರು. ಮುಂದೆ ಟೋಕಿಯೋದಲ್ಲಿ 87 ಮತ್ತು 115, ಒಟ್ಟು 202 ಕೆಜಿಗೆ ಬೆಳ್ಳಿ ಬಂತು.

ಹಂತ 2: ಬೆನ್ನಿನ ಮೇಲ್ಭಾಗ

ಯಾವ ಪರೀಕ್ಷೆ ಫೇಲ್ ಆದರೂ ಇದನ್ನು ಮಾತ್ರ ಎಲ್ಲರೂ ಮಾಡಿ. ದಿನವಿಡೀ ಕೂತು ಕೆಲಸ ಮಾಡುವವರಾದರೆ ಎರಡು ಮಾತೇ ಇಲ್ಲ.

ಟವೆಲ್ ಬಿಗಿಯಾಗಿ ಸುತ್ತಿ ತೋಳಿನಷ್ಟು ದಪ್ಪದ ಸುರುಳಿ ಮಾಡಿ. ಫೋಮ್ ರೋಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಹಳೆಯ ಜಮಖಾನ ಸುತ್ತಿದರೂ ನಡೆಯುತ್ತದೆ. ಸುರುಳಿಯನ್ನು ಭುಜದ ಹಲಗೆಗಳ ಕೆಳತುದಿಗೆ ಬರುವಂತೆ ಅಡ್ಡಲಾಗಿ ಇಟ್ಟು ಮಲಗಿ. ಮಂಡಿ ಮಡಿಸಿರಲಿ, ಕುಂಡೆ ನೆಲ ಬಿಡಬಾರದು. ಕೈಗಳಿಂದ ತಲೆಗೆ ಆಸರೆ ಕೊಡಿ. ಉಸಿರು ಬಿಡುತ್ತಾ ಸುರುಳಿಯ ಮೇಲೆ ಬೆನ್ನನ್ನು ಹಿಂದಕ್ಕೆ ಬಾಗಿಸಿ. ಉಸಿರು ಪೂರ್ತಿ ಹೋಗಲಿ, ಎದೆಗೂಡು ಕುಸಿಯಲಿ. ಎಂಟು ಉಸಿರು. ಆಮೇಲೆ ಸುರುಳಿಯನ್ನು ಎರಡು ಬೆರಳಷ್ಟು ಮೇಲೆ ಸರಿಸಿ ಮತ್ತೆ ಎಂಟು. ಹೀಗೆ ಮೂರು ಜಾಗ, ಹಲಗೆಗಳ ಮಧ್ಯದವರೆಗೆ ಸಾಕು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಪಕ್ಕೆಲುಬು ಮೇಲಕ್ಕೆ ಚಿಮ್ಮಿಸಿ, ಸೊಂಟವನ್ನು ಕಮಾನು ಮಾಡಿ, "ನೋಡಿ ಎಷ್ಟು ಬಾಗಿತು" ಅನ್ನುವುದು. ಬಾಗಿದ್ದು ಸೊಂಟ ಅಷ್ಟೇ. ಅದು ಮೊದಲೇ ಜಾಸ್ತಿ ಬಾಗುತ್ತಿದೆ. ಹೊಟ್ಟೆಯನ್ನು ಸ್ವಲ್ಪ ಬಿಗಿ ಹಿಡಿದು, ಕೆಳಪಕ್ಕೆಲುಬನ್ನು ಒಳಗೆ ಎಳೆದುಕೊಂಡು ಮಾಡಿದರೆ ಬಾಗುವುದು ಒಂದೇ ಇಂಚು ಅನ್ನಿಸಬಹುದು. ಆ ಒಂದು ಇಂಚೇ ಅಸಲಿ.

ಇದರ ಜೊತೆ ತಿರುವು. ಕೈ, ಮಂಡಿ ಊರಿ ಕೂಸು ಅಂಬೆಗಾಲಿಡುವ ಹಾಗೆ ನಿಲ್ಲಿ. ಕುಂಡೆಯನ್ನು ಹಿಮ್ಮಡಿಯ ಮೇಲೆ ಇಳಿಸಿ, ಆಗ ಸೊಂಟ ತಿರುಗುವುದಿಲ್ಲ. ಬಲಗೈ ತಲೆಯ ಹಿಂದೆ ಇಟ್ಟು, ಮೊಣಕೈಯನ್ನು ಸೂರಿನ ಕಡೆಗೆ ತಿರುಗಿಸಿ, ಕಣ್ಣೂ ಅದರ ಹಿಂದೆ ಹೋಗಲಿ. ಒಂದೊಂದು ಕಡೆ ಎಂಟು ಸಲ, ಅವಸರವಿಲ್ಲದೆ.

ಆಫೀಸಿನಲ್ಲಿ ಕುರ್ಚಿಯ ಬೆನ್ನಾಸರೆ ತಗ್ಗಾಗಿದ್ದರೆ, ಅದರ ಮೇಲಂಚಿಗೆ ಬೆನ್ನು ಆನಿಸಿ ಗಂಟೆಗೊಮ್ಮೆ ಐದು ಸಲ ಹಿಂದಕ್ಕೆ ಬಾಗಿ. ರಾತ್ರಿ ಒಮ್ಮೆ ಅರ್ಧ ಗಂಟೆ ಮಾಡುವುದಕ್ಕಿಂತ ಇದರಿಂದ ನನಗೆ ಜಾಸ್ತಿ ಉಪಯೋಗ ಆಯಿತು. ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಹಂತ 3: ಲ್ಯಾಟ್ಸ್ ಮತ್ತು ಟ್ರೈಸೆಪ್ಸ್

ಒಂದೇ ಒಂದು ವ್ಯಾಯಾಮ ಆರಿಸಿ ಅಂದರೆ ನಾನು ಇದನ್ನೇ ಆರಿಸುತ್ತೇನೆ. ಬೆನ್ನು, ಲ್ಯಾಟ್ಸ್, ಟ್ರೈಸೆಪ್ಸ್ ಮೂರನ್ನೂ ಒಟ್ಟಿಗೆ ಹಿಡಿಯುತ್ತದೆ.

ಗಟ್ಟಿಯಾದ ಕುರ್ಚಿ ಅಥವಾ ಮಂಚದ ಮುಂದೆ ಮಂಡಿಯೂರಿ. ಪೈಪನ್ನು ಅಂಗೈ ಮೇಲ್ಮುಖ ಮಾಡಿ ಹೆಗಲಗಲಕ್ಕೆ ಹಿಡಿಯಿರಿ. ಎರಡೂ ಮೊಣಕೈಗಳನ್ನು ಕುರ್ಚಿಯ ಅಂಚಿನ ಮೇಲೆ ಊರಿ. ಮೊಣಕೈ ಅಗಲ ಹೋಗಬಾರದು, ಹೆಗಲಿನ ಅಗಲದಲ್ಲೇ ಇರಲಿ. ಈಗ ಕುಂಡೆಯನ್ನು ಹಿಮ್ಮಡಿಯ ಕಡೆ ಸರಿಸುತ್ತಾ ಎದೆಯನ್ನು ನೆಲದ ಕಡೆ ಇಳಿಸಿ. ತಲೆ ತೋಳುಗಳ ಮಧ್ಯೆ ಬರಲಿ. ಆಮೇಲೆ ಮೊಣಕೈ ಮಡಿಸಿ ಪೈಪನ್ನು ಬೆನ್ನಿನ ಕಡೆಗೆ ತನ್ನಿ. ಕಂಕುಳಿನ ಕೆಳಗೆ, ತೋಳಿನ ಹಿಂದೆ ಎಳೆತ ಗೊತ್ತಾಗಬೇಕು. ಸೊಂಟದಲ್ಲಿ ಗೊತ್ತಾದರೆ ಹೊಟ್ಟೆ ಬಿಗಿ ಹಿಡಿಯುವುದನ್ನು ಮರೆತಿದ್ದೀರಿ.

ಈಗ ಗುಟ್ಟಿನ ಭಾಗ. ಎಳೆತ ಸಿಕ್ಕ ಜಾಗದಲ್ಲಿ ನಿಂತು, ಮೊಣಕೈಗಳನ್ನು ಕುರ್ಚಿಗೆ ಅರ್ಧ ಬಲದಲ್ಲಿ ಒತ್ತಿ. ಐದು ಎಣಿಸಿ. ಬಿಟ್ಟುಬಿಡಿ, ದೀರ್ಘವಾಗಿ ಉಸಿರು ಬಿಡಿ, ಎದೆ ತಾನಾಗಿ ಇನ್ನಷ್ಟು ಇಳಿಯುತ್ತದೆ. ಅಲ್ಲಿ ಹದಿನೈದು ಎಣಿಸಿ. ಮತ್ತೆ ಒತ್ತಿ, ಮತ್ತೆ ಬಿಡಿ. ನಾಲ್ಕು ಸುತ್ತು. ಸುಮ್ನೆ ಎಳೆದು ನಿಲ್ಲುವುದಕ್ಕಿಂತ ಹೀಗೆ ಒತ್ತಿ ಬಿಡುವುದರಲ್ಲಿ ಆ ಕ್ಷಣಕ್ಕೇ ವ್ಯತ್ಯಾಸ ಕಾಣುತ್ತದೆ.

ಲ್ಯಾಟ್ಸ್ ಮಾತ್ರ ಬಿಗಿ ಇರುವವರು ಪುಲ್ ಅಪ್ ಕಂಬಿಗೆ ಜೋತಾಡಿ. ಕಾಲಿನ ಬೆರಳು ನೆಲಕ್ಕೆ ಅಥವಾ ಸ್ಟೂಲಿಗೆ ತಾಗಿರಲಿ, ಪೂರ್ತಿ ತೂಕ ಬೇಡ. 20ರಿಂದ 30 ಸೆಕೆಂಡು, ಮೂರು ಸಲ. ಹೆಗಲಿನೊಳಗೆ ಚುಚ್ಚಿದರೆ ಜೋತಾಡುವುದು ನಿಮಗಲ್ಲ, ಕುರ್ಚಿಯದ್ದನ್ನೇ ಮಾಡಿ. ಟ್ರೈಸೆಪ್ಸ್ ಮಾತ್ರ ಬಿಗಿ ಇದ್ದರೆ, ಗೋಡೆಗೆ ಮುಖ ಮಾಡಿ ನಿಂತು, ಮಡಿಸಿದ ಮೊಣಕೈಯನ್ನು ಎತ್ತರದಲ್ಲಿ ಗೋಡೆಗೆ ಊರಿ, ಕಂಕುಳನ್ನು ಗೋಡೆಯ ಕಡೆ ಒರಗಿಸಿ. ಒಂದೊಂದು ಕಡೆ 30 ಸೆಕೆಂಡು, ಎರಡು ಸಲ.

ಹಂತ 4: ಎದೆ ಮತ್ತು ಹೆಗಲಿನ ತಿರುಗು

ಎದೆಗೆ ಆ ಬಾಗಿಲ ಚೌಕಟ್ಟಿನ ಸ್ಟ್ರೆಚ್ ಸಾಕು. ಮುಂಗೈ ಚೌಕಟ್ಟಿಗೆ, ಮೊಣಕೈ ಹೆಗಲಿನ ಮಟ್ಟಕ್ಕೆ, ಒಂದು ಹೆಜ್ಜೆ ಮುಂದೆ. 30 ಸೆಕೆಂಡು ಎರಡು ಸಲ. ಹೆಗಲಿನ ಮುಂದಿನ ಮೂಳೆಯ ಹತ್ತಿರ ಎಳೆದರೆ ತಪ್ಪು, ಎದೆಯ ಮಾಂಸದಲ್ಲಿ ಎಳೆಯಬೇಕು.

ತಿರುಗು ಪರೀಕ್ಷೆ ಫೇಲ್ ಆದವರಿಗೆ ಪೈಪಿನ ಸ್ಟ್ರೆಚ್. ಬಲಗೈಯಲ್ಲಿ ಪೈಪು ಹಿಡಿದು ತೋಳನ್ನು ಪಕ್ಕಕ್ಕೆ ಹೆಗಲಿನ ಮಟ್ಟಕ್ಕೆ ಎತ್ತಿ, ಮೊಣಕೈ ಮಡಿಸಿ. ಪೈಪು ಮೊಣಕೈಯ ಹಿಂದಿನಿಂದ ಕೆಳಗೆ ಇಳಿದಿರಲಿ. ಎಡಗೈಯಿಂದ ಕೆಳತುದಿ ಹಿಡಿದು ಮೆಲ್ಲಗೆ ಮುಂದಕ್ಕೆ ಎಳೆಯಿರಿ, ಬಲಗೈ ಹಿಂದಕ್ಕೆ ಹೋಗುತ್ತದೆ. ಮೆಲ್ಲಗೆ ಅಂದರೆ ಮೆಲ್ಲಗೇ. ಪೈಪು ಸನ್ನೆಕೋಲಿನ ಹಾಗೆ, ಬಲ ಎಷ್ಟು ಬಿತ್ತು ಅಂತ ಗೊತ್ತಾಗುವುದೇ ಇಲ್ಲ.

ಪೈಪನ್ನು ಅಗಲವಾಗಿ ಹಿಡಿದು, ಮೊಣಕೈ ಬಗ್ಗಿಸದೆ ತಲೆಯ ಮೇಲಿಂದ ಬೆನ್ನ ಹಿಂದಕ್ಕೆ ಒಯ್ದು ತರುವ ವ್ಯಾಯಾಮ ಎಲ್ಲ ಜಿಮ್‌ಗಳಲ್ಲೂ ಇದೆ. ಮೈ ಬೆಚ್ಚಗೆ ಮಾಡಲು ಹತ್ತು ಸಲ ಮಾಡಿ, ಪರವಾಗಿಲ್ಲ. ಆದರೆ ದಿನದಿಂದ ದಿನಕ್ಕೆ ಹಿಡಿತ ಕಿರಿದು ಮಾಡುತ್ತಾ ಹೋಗುವ ಪಂದ್ಯ ಬೇಡ. ಸ್ನ್ಯಾಚ್‌ನಲ್ಲಿ ಬಾರ್ ಬೆನ್ನ ಹಿಂದೆ ಹೋಗುವುದಿಲ್ಲ. ಆ ಗೆಲುವಿನಿಂದ ನಿಮಗೆ ಏನೂ ಸಿಗುವುದಿಲ್ಲ.

ನಮ್ಮ ಗರಡಿ ಮನೆಗಳಲ್ಲಿ ಪೈಲ್ವಾನರು ಗದೆಯನ್ನು ತಲೆಯ ಹಿಂದಿನಿಂದ ತಿರುಗಿಸುವುದನ್ನು ನೋಡಿದ್ದೀರಲ್ಲ? ಕೆಳಗೆ ಬರುವಾಗ ಗದೆಯ ತೂಕವೇ ಮೊಣಕೈಯನ್ನು ಮೇಲೆ, ಹಿಂದಕ್ಕೆ ಎಳೆಯುತ್ತದೆ. ಲ್ಯಾಟ್ಸ್, ಟ್ರೈಸೆಪ್ಸ್, ಹೆಗಲಿನ ತಿರುಗು ಎಲ್ಲವೂ ಅದರಲ್ಲಿ ಬಂದುಹೋಗುತ್ತವೆ. ಹತ್ತಿರದಲ್ಲಿ ಗರಡಿ ಇದ್ದು, ಕಲಿಸುವವರು ಇದ್ದರೆ, ಎರಡು ಮೂರು ಕೆಜಿಯ ಗದೆಯಿಂದ ಶುರು ಮಾಡಿ ನೋಡಿ.

ಹಂತ 5: ಮಣಿಕಟ್ಟಿನ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ

ಫ್ರಂಟ್ ರ‍್ಯಾಕ್‌ನಲ್ಲಿ ಮಣಿಕಟ್ಟು ನೋಯುತ್ತದೆ, ಆದ್ದರಿಂದ ಮಣಿಕಟ್ಟನ್ನೇ ಎಳೆಯಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹತ್ತರಲ್ಲಿ ಏಳೆಂಟು ಜನರಿಗೆ ಇದು ತಪ್ಪು ಅಂತ ನನ್ನ ಲೆಕ್ಕ. ಮೊಣಕೈ ಮೇಲೇಳದಿದ್ದಾಗ ಬಾರ್ ಹೆಗಲಿಗೆ ತಾಗದೆ ಕೈಯಲ್ಲೇ ಉಳಿಯುತ್ತದೆ. ಪೂರ್ತಿ ಭಾರ ಬಗ್ಗಿದ ಮಣಿಕಟ್ಟಿನ ಮೇಲೆ ಬೀಳುತ್ತದೆ. ನೋವು ಮಣಿಕಟ್ಟಿನದು, ಕಾರಣ ಬೆನ್ನಿನದೋ ಟ್ರೈಸೆಪ್ಸಿನದೋ ಆಗಿರುತ್ತದೆ. ನಮಸ್ಕಾರ ಪರೀಕ್ಷೆ ಪಾಸಾಗಿದ್ದರೆ ಈ ಹಂತ ಬಿಟ್ಟುಬಿಡಿ.

ಇನ್ನೊಂದು ವಿಷಯ. ಬಾರನ್ನು ಮುಷ್ಟಿ ಕಟ್ಟಿ ಹಿಡಿಯಬೇಡಿ. ಅದು ಕೂರಬೇಕಾದ್ದು ಹೆಗಲಿನ ಮುಂದಿನ ಮಾಂಸದ ಮೇಲೆ, ಕತ್ತಿಗೆ ತಾಗುವಷ್ಟು ಹತ್ತಿರ. ಬೆರಳುಗಳು ಅದು ಉರುಳದಂತೆ ನೋಡಿಕೊಂಡರೆ ಸಾಕು. ಎರಡು ಮೂರು ಬೆರಳು ಬಾರಿನ ಕೆಳಗಿದ್ದರೂ ಆಯಿತು. ಹೆಬ್ಬೆರಳನ್ನು ಬೆರಳುಗಳೊಳಗೆ ಹುದುಗಿಸಿ ಹಿಡಿಯುವ ಹುಕ್ ಗ್ರಿಪ್ಪನ್ನು ಬಾರ್ ಹೆಗಲಿಗೆ ಬರುವಾಗ ಬಿಟ್ಟುಬಿಡಿ. ಮುಂಗೈ ಉದ್ದ ಇರುವವರು ಹಿಡಿತವನ್ನು ಎರಡು ಬೆರಳಷ್ಟು ಅಗಲ ಮಾಡಿ ನೋಡಿ. ಎಷ್ಟೋ ಜನರಿಗೆ ಅದೇ ದಿನ ಅರ್ಧ ಸಮಸ್ಯೆ ಮುಗಿಯುತ್ತದೆ.

ನಿಜವಾಗಿಯೂ ಮಣಿಕಟ್ಟು ಬಿಗಿ ಇರುವವರಿಗೆ: ಅಂಬೆಗಾಲಿನ ಭಂಗಿಯಲ್ಲಿ ಅಂಗೈ ಊರಿ, ಬೆರಳು ಮುಂದಕ್ಕಿರಲಿ. ಮೈಯನ್ನು ಮುಂದೆ ಹಿಂದೆ ತೂಗಿ, ಹದಿನೈದು ಸಲ. ಆಮೇಲೆ ಬೆರಳುಗಳನ್ನು ಮಂಡಿಯ ಕಡೆ ತಿರುಗಿಸಿ ಹಿಂದಕ್ಕೆ ತೂಗಿ, ಮತ್ತೆ ಹದಿನೈದು. ಅಂಗೈ ಬುಡ ಏಳಬಾರದು.

ಹಂತ 6: ಸಿಕ್ಕಿದ್ದನ್ನು ಬಾರ್ ಕೆಳಗೆ ಗಟ್ಟಿ ಮಾಡಿ

ಸ್ಟ್ರೆಚ್ ಮಾಡಿ ಎದ್ದಾಗ ಹೆಗಲು ಹಗುರ. ಮರುದಿನ ಬೆಳಿಗ್ಗೆ ಯಥಾಪ್ರಕಾರ ಬಿಗಿ. ಎಲ್ಲರ ದೂರೂ ಇದೇ. ಹೊಸದಾಗಿ ಸಿಕ್ಕ ಜಾಗದಲ್ಲಿ ಮೈಗೆ ಬಲ ಇಲ್ಲದಿದ್ದರೆ ಅದು ಹೆದರಿ ಮತ್ತೆ ಮುದುಡಿಕೊಳ್ಳುತ್ತದೆ. ಅದಕ್ಕೇ ಎಳೆದ ಐದು ನಿಮಿಷದೊಳಗೆ ಅದೇ ಭಂಗಿಯಲ್ಲಿ ಸ್ವಲ್ಪ ಭಾರ ಹಾಕಬೇಕು.

ಫ್ರಂಟ್ ರ‍್ಯಾಕ್‌ಗೆ: ಸ್ಟ್ಯಾಂಡ್ ಮೇಲೆ ಎತ್ತಲಾಗದಷ್ಟು ಭಾರದ ಬಾರ್ ಇಡಿ. ಅದರ ಕೆಳಗೆ ಹೋಗಿ ಹೆಗಲು ತಾಗಿಸಿ, ಒಂದು ಮೊಣಕೈಯನ್ನು ನಿಧಾನವಾಗಿ ಎಷ್ಟು ಸಾಧ್ಯವೋ ಅಷ್ಟು ಮೇಲೆತ್ತಿ ಐದು ಎಣಿಸಿ. ಆಮೇಲೆ ಇನ್ನೊಂದು. ಬಾರ್ ಸರಿಯುವುದಿಲ್ಲ, ಆದ್ದರಿಂದ ಮೈ ದಾರಿ ಬಿಡಲೇಬೇಕು. ಒಂದೊಂದಕ್ಕೆ ಐದು ಸಲ. ಕೊನೆಗೆ ಖಾಲಿ ಬಾರಿನಲ್ಲಿ ಫ್ರಂಟ್ ಸ್ಕ್ವಾಟ್ (ಬಾರ್ ಹೆಗಲ ಮುಂದಿಟ್ಟು ಬಸ್ಕಿ), ಕೆಳಗೆ ಕೂತು ಐದು ಸೆಕೆಂಡು ನಿಂತು ಏಳಿ.

ತಲೆಯ ಮೇಲಿನ ಭಂಗಿಗೆ ನೆಟ್ಟಗೆ ನಿಂತು ಶುರು ಮಾಡಿ. ಸ್ನ್ಯಾಚ್ ಹಿಡಿತದ ಅಗಲ ಸರಿ ಇದೆಯಾ ಅಂತ ನೋಡಲು ಒಂದು ಸುಲಭದ ಗುರುತು: ಕೈ ಇಳಿಬಿಟ್ಟು ನಿಂತಾಗ ಬಾರ್ ತೊಡೆ ಮತ್ತು ಹೊಟ್ಟೆ ಸೇರುವ ಮಡಿಕೆಗೆ ಬರಬೇಕು. ಬಾರನ್ನು ಕತ್ತಿನ ಹಿಂದೆ ಇಟ್ಟು, ಅದೇ ಹಿಡಿತದಲ್ಲಿ ಮೇಲಕ್ಕೆ ಒತ್ತಿ. ಮೇಲೆ ಹೋದಾಗ ಬಾರ್ ಕತ್ತಿನ ಹಿಂಭಾಗದ ನೇರಕ್ಕೆ ಇರಲಿ, ಕಿವಿ ತೋಳಿಗಿಂತ ಸ್ವಲ್ಪ ಮುಂದೆ ಕಾಣಲಿ. ಸೂರನ್ನು ಮೇಲಕ್ಕೆ ನೂಕುತ್ತಿರುವ ಹಾಗೆ ಒತ್ತುತ್ತಲೇ ಇರಿ. ಸುಮ್ನೆ ಹೊತ್ತು ನಿಲ್ಲಬೇಡಿ. ಎಂಟು ಸಲ. ಆಮೇಲೆ ಓವರ್‌ಹೆಡ್ ಸ್ಕ್ವಾಟ್ (ಬಾರ್ ತಲೆಯ ಮೇಲೆ ಹೊತ್ತೇ ಬಸ್ಕಿ), ಮೂರು ಸೆಕೆಂಡು ತೆಗೆದುಕೊಂಡು ಇಳಿದು, ಕೆಳಗೆ ಮೂರು ಸೆಕೆಂಡು ನಿಲ್ಲಿ. ಐದರ ಮೂರು ಸೆಟ್.

ಗಂಡಸರ ಬಾರ್ 20 ಕೆಜಿ, ಹೆಂಗಸರದು 15 ಕೆಜಿ. ಮೊದಲ ಎರಡು ವಾರ ಅದೂ ಬೇಡ, ಪೈಪೇ ಸಾಕು. ನಾಚಿಕೆ ಏನೂ ಇಲ್ಲ.

ಇವೆಲ್ಲ ಆರಾಮವಾದ ಮೇಲೆ ಸಾಟ್ಸ್ ಪ್ರೆಸ್ ಪ್ರಯತ್ನಿಸಿ. ಪೂರ್ತಿ ಬಸ್ಕಿಯಲ್ಲಿ ಕೂತು, ಹೆಗಲ ಮೇಲಿನ ಪೈಪನ್ನು ಅಲ್ಲಿಂದಲೇ ಮೇಲಕ್ಕೆ ಒತ್ತುವುದು. ಮೈಯ ಎಲ್ಲ ಸುಳ್ಳನ್ನೂ ಇದು ಒಂದೇ ಏಟಿಗೆ ಹೊರಗೆಡವುತ್ತದೆ. ಪೈಪಿನಲ್ಲೇ ಒದ್ದಾಡಿದರೆ ಗಾಬರಿಯಾಗಬೇಡಿ, ಎಲ್ಲರೂ ಒದ್ದಾಡುತ್ತಾರೆ.

ಯಾವಾಗ, ಎಷ್ಟು

ದಿನಾ 12 ನಿಮಿಷ. ವಾರಕ್ಕೊಮ್ಮೆ ಒಂದು ಗಂಟೆ ಮಾಡಿ ಉಳಿದ ದಿನ ಮರೆಯುವುದರಿಂದ ಪ್ರಯೋಜನ ಕಡಿಮೆ. ಬೆನ್ನಿಗೆ ಐದು, ನಿಮ್ಮ ಫೇಲ್ ಆದ ಜಾಗಕ್ಕೆ ಐದು, ಪೈಪು ಹಿಡಿದು ಭಂಗಿಗೆ ಎರಡು ನಿಮಿಷ. ಮೂರು ಕಡೆ ಬಿಗಿ ಇದ್ದರೂ ಒಂದು ಸಲಕ್ಕೆ ಒಂದನ್ನೇ ಹಿಡಿಯಿರಿ.

ಲಿಫ್ಟಿಂಗ್ ದಿನ ಬಾರ್ ಮುಟ್ಟುವ ಮುಂಚೆ ಒಂದೊಂದು ಸ್ಟ್ರೆಚ್ಚನ್ನು ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿದು ನಿಲ್ಲಬೇಡಿ. ತುಂಬಾ ಹೊತ್ತು ಎಳೆದ ಸ್ನಾಯು ಸ್ವಲ್ಪ ಹೊತ್ತು ಮಂಕಾಗುತ್ತದೆ, ಬಲ ಕಡಿಮೆಯಾಗುತ್ತದೆ. ಮುಂಚೆ ಚಲನೆಯದ್ದು: ಬೆನ್ನಿನ ತಿರುವು, ಪೈಪು, ಮಣಿಕಟ್ಟು ತೂಗುವುದು. ಉದ್ದನೆಯ ಎಳೆತ ಕೊನೆಗೆ, ಅಥವಾ ರಾತ್ರಿ ಊಟಕ್ಕೆ ಮುಂಚೆ.

ಎರಡು ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಗೋಡೆ ಪರೀಕ್ಷೆ ಮಾಡಿ ಬೆರಳು ಎಣಿಸಿ. ಪಕ್ಕದಿಂದ ಒಂದು ಫೋಟೊ ತೆಗೆಸಿಕೊಳ್ಳಿ. ನನ್ನ ಏಳು ಬೆರಳು ಎರಡನೆಯ ವಾರ ಆರಾಯಿತು, ನಾಲ್ಕನೆಯ ವಾರವೂ ಆರೇ. ಬಿಡೋಣ ಅನ್ನಿಸಿತ್ತು. ಆರನೆಯ ವಾರಕ್ಕೆ ಮೂರಕ್ಕೆ ಬಂತು. ಸಾಲು ಹಿಡಿದು ಇಳಿಯುವುದಿಲ್ಲ ಅದು.

ಇವರು ಮಾಡಬೇಡಿ, ಇಲ್ಲಿ ನಿಲ್ಲಿಸಿ

ಹೆಗಲು ಒಮ್ಮೆ ಕೀಲು ತಪ್ಪಿದವರು ಹಂತ 4ರ ಪೈಪಿನ ಸ್ಟ್ರೆಚ್, ಜೋತಾಡುವುದು ಎರಡನ್ನೂ ಫಿಸಿಯೋಥೆರಪಿಸ್ಟ್ ಕೇಳದೆ ಮಾಡಬಾರದು. ಮೊಣಕೈ ಹಿಂದಕ್ಕೆ ಬಾಗುವ, ಹೆಬ್ಬೆರಳು ಮುಂಗೈಗೆ ತಾಗುವ ಸಡಿಲ ಮೈಯವರಿಗೆ ಎಳೆತವೇ ಬೇಡ. ಅವರಿಗೆ ಹಂತ 6 ಮಾತ್ರ.

ಎಳೆತ ಮಾಂಸದಲ್ಲಿ ಗೊತ್ತಾಗಬೇಕು. ಹೆಗಲ ತುದಿಯಲ್ಲಿ ಚಿವುಟಿದ ಹಾಗಾದರೆ ನಿಲ್ಲಿಸಿ, ತೋಳನ್ನು ಸ್ವಲ್ಪ ಅಗಲ ಮಾಡಿ ನೋಡಿ, ಆಗಲೂ ಚಿವುಟಿದರೆ ಅವತ್ತಿಗೆ ಬಿಡಿ. ಬೆರಳು ಜುಮ್ಮೆಂದರೆ, ಮರಗಟ್ಟಿದರೆ ಅದು ನರದ ಮಾತು, ಎಳೆದು ಸರಿ ಮಾಡುವಂಥದ್ದಲ್ಲ. ನಲವತ್ತು ದಾಟಿದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ತೋಳು ದಿನೇ ದಿನೇ ಎಲ್ಲ ದಿಕ್ಕಿಗೂ ಬಿಗಿಯಾಗುತ್ತಾ ಬಂದು ರಾತ್ರಿ ಮಲಗಲು ಬಿಡದಷ್ಟು ನೋವಿದ್ದರೆ ಅದು ಫ್ರೋಜನ್ ಶೋಲ್ಡರ್ ಇರಬಹುದು. ಅದಕ್ಕೆ ಈ ಬರಹ ಅಲ್ಲ, ಡಾಕ್ಟರ್ ಬೇಕು.

ಕೊನೆಗೆ, ಎಳೆದರೂ ಸರಿಹೋಗದ ಬಿಗಿಯೂ ಒಂದಿದೆ. ಕೆಲವರ ಮೊಣಕೈ ಹುಟ್ಟಿನಿಂದಲೋ, ಹಳೆಯ ಮೂಳೆ ಮುರಿತದಿಂದಲೋ ಪೂರ್ತಿ ನೆಟ್ಟಗಾಗುವುದಿಲ್ಲ. ನೆಟ್ಟಗೆ ಮಾಡಲು ಹೋದರೆ ರಬ್ಬರಿನಂಥ ಎಳೆತ ಸಿಗುವುದಿಲ್ಲ, ಕಲ್ಲಿಗೆ ಕಲ್ಲು ತಾಗಿದ ಹಾಗೆ ಟಕ್ಕೆಂದು ನಿಲ್ಲುತ್ತದೆ. ಅದನ್ನು ಒತ್ತಿ ಹಿಂಸೆ ಮಾಡಬೇಡಿ. ಅಂಥವರಿಗೂ ಸ್ಪರ್ಧೆಯಲ್ಲಿ ಜಾಗ ಇದೆ. ನಿಮ್ಮ ಸರದಿ ಬರುವ ಮುಂಚೆಯೇ ರೆಫ್ರಿಗಳ ಬಳಿ ಹೋಗಿ, ಎರಡೂ ತೋಳು ಚಾಚಿ, ನನ್ನ ಮೊಣಕೈ ಇಷ್ಟೇ ಸರ್ ಅಂತ ತೋರಿಸಿ ಬನ್ನಿ.